ಎಕ್ಕದೆಲೆ, ಕಾದ ಇಟ್ಟಿಗೆ, ಅಜ್ಜಿಯ ಹೆಬ್ಬೆರಳು

ನಂದಿಬೆಟ್ಟದ ಸುತ್ತಲಿನ ಊರುಗಳಲ್ಲಿ ಹಿಮ್ಮಡಿ ನೋವಿಗೆ ಆಸ್ಪತ್ರೆಗೆ ಹೋಗುವ ರೂಢಿ ಬಂದು ಬಹಳ ಕಾಲವಾಗಿಲ್ಲ. ಅದಕ್ಕೂ ಮೊದಲು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ನಡೆಯುತ್ತಿದ್ದದ್ದು ಒಂದೇ ಆರೈಕೆ. ಅದಕ್ಕೆ ಬೇಕಾದದ್ದು ಮೂರು ವಸ್ತು: ಬೇಲಿಸಾಲಿನ ಎಕ್ಕದ ಎಲೆ, ಒಲೆಯ ಮಗ್ಗುಲಲ್ಲಿ ಬಿದ್ದಿರುವ ಹಳೇ ಇಟ್ಟಿಗೆ, ಮನೆಯಲ್ಲೇ ಕಾಯಿಸಿದ ಹರಳೆಣ್ಣೆ. ದುಡ್ಡು ಕೊಟ್ಟು ತರಬೇಕಾದದ್ದು ಇದರಲ್ಲಿ ಒಂದೂ ಇಲ್ಲ. ಹೊಲ, ಒಲೆ, ಅಟ್ಟ, ಈ ಮೂರೂ ಇದ್ದ ಮನೆಯಲ್ಲಿ ಈ ಮದ್ದೂ ಇತ್ತು.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಮನೆಯೊಳಗೆ ಅರ್ಧ ಕನ್ನಡ, ಅರ್ಧ ತೆಲುಗು. ರಾಗಿ, ಅವರೆ, ಒಂದಿಷ್ಟು ಹಿಪ್ಪುನೇರಳೆ, ಹುಳು ಮೇಯಿಸುವ ಕೆಲಸ. ರಾತ್ರಿ ಊಟ ಮುಗಿದು ಪಾತ್ರೆ ಬೆಳಗಿಟ್ಟ ಮೇಲೆ ಕೆಂಡಕ್ಕೆ ಬೂದಿ ಮುಚ್ಚುವ ಮುಂಚೆ ಅಜ್ಜಿ ಇಟ್ಟಿಗೆಯನ್ನು ಕೆಂಡದ ಮೇಲೆ ಮಲಗಿಸುತ್ತಿದ್ದಳು. ಅದು ಕಾಯುವ ಹೊತ್ತಿಗೆ ತೊಟ್ಟಿನ ಹಾಲು ಬಸಿದುಹೋಗಲೆಂದು ಮೊದಲೇ ಕಿತ್ತು ಒಣಗಲು ಬಿಟ್ಟಿದ್ದ ಎಕ್ಕದ ಎಲೆಗಳನ್ನೇ ಆರಿಸಿ, ಒರೆಸಿ, ಒಂದು ಮೈಗೆ ಹರಳೆಣ್ಣೆ ಸವರುವಳು. ಇಟ್ಟಿಗೆಯನ್ನು ಇಕ್ಕಳದಲ್ಲಿ ಎತ್ತಿ ನೆಲಕ್ಕಿಟ್ಟು, ಅದರ ಮೇಲೆ ಎರಡು ಮೂರು ಎಲೆ ಪೇರಿಸಿ, ನೋವಿದ್ದವರನ್ನು ಕೂರಿಸಿ, ಹಿಮ್ಮಡಿಯನ್ನು ಅದರ ಮೇಲೆ ಒತ್ತಿಸುವಳು. ಚುರ್ ಅನ್ನುತ್ತಿದ್ದಂತೆ ಕಾಲೆತ್ತಬೇಕು. ಮತ್ತೆ ಒತ್ತಬೇಕು, ಮತ್ತೆ ಎತ್ತಬೇಕು. ಎಲೆ ಬಾಡಿ ಕಪ್ಪಾದರೆ ಬೇರೆ ಎಲೆ. ಇಟ್ಟಿಗೆ ಆರುತ್ತಾ ಬಂದ ಹಾಗೆ ಕಾಲನ್ನು ಹೆಚ್ಚು ಹೊತ್ತು ಊರುವುದಕ್ಕೆ ಆಗುತ್ತಿತ್ತು. ಕೊನೆಗೆ ಇಟ್ಟಿಗೆ ಬೆಚ್ಚಗಷ್ಟೇ ಉಳಿದಾಗ ಹಿಮ್ಮಡಿ ಅಲ್ಲೇ ನಿಲ್ಲುತ್ತಿತ್ತು.

ಆಮೇಲಿನದು ಮುಖ್ಯ. ಅಜ್ಜಿ ಆ ಕಾಲನ್ನು ತನ್ನ ತೊಡೆಯ ಮೇಲೆಳೆದುಕೊಂಡು, ಎಡಗೈಯಲ್ಲಿ ಐದೂ ಬೆರಳನ್ನು ಒಟ್ಟಿಗೆ ಹಿಡಿದು ಮೊಣಕಾಲಿನ ಕಡೆಗೆ ಬಗ್ಗಿಸಿ ಎಳೆಯುವಳು. ಹಾಗೆ ಎಳೆದಾಗ ಅಂಗಾಲಿನ ಒಳಬದಿಯಲ್ಲಿ ಒಂದು ನರದಂಥದ್ದು ಹಗ್ಗವಾಗಿ ಎದ್ದು ನಿಲ್ಲುತ್ತದೆ. ಬೇಕಾದರೆ ನೀವೂ ಈಗಲೇ ನಿಮ್ಮ ಕಾಲಿನಲ್ಲಿ ನೋಡಿಕೊಳ್ಳಬಹುದು. ಅದರ ಮೇಲೆ ಎಣ್ಣೆ ಹಾಕಿ, ಬಲಗೈ ಹೆಬ್ಬೆರಳನ್ನು ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅದುಮಿ ಅದುಮಿ ಎಳೆಯುತ್ತಿದ್ದಳು. ಅಮ್ಮ ಹಲ್ಲು ಕಚ್ಚಿ ಕೂತಿರುವಳು. "ತಡ್ಕೊಳ್ಳೇ, ಬಿಗಿ ಬಿಡ್ಲಿ," ಅಂತ ಅಜ್ಜಿ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕಾಲೂರಿದರೆ ಮುಳ್ಳು ಚುಚ್ಚಿದಂಗಾಗುತ್ತದೆ ಅಂತ ದೂರು ಹೇಳಿದ ಹೆಂಗಸರಿಗೆಲ್ಲ ಅವಳು ಮಾಡುತ್ತಿದ್ದದ್ದು ಇಷ್ಟೇ. ನೆರೆಮನೆಯವರೂ ಬರುತ್ತಿದ್ದರು, ಶಿಡ್ಲಘಟ್ಟದ ನೂಲು ಬಿಚ್ಚುವ ಮನೆಗಳಿಗೆ ಕೆಲಸಕ್ಕೆ ಹೋಗುವವರೂ ಬರುತ್ತಿದ್ದರು.

ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು. ನಿಂತು ಪಾಠ ಮಾಡಿದ ಕಾಲುಗಳಿಗೆ ಅದೇ ನೋವು ಬಂದಾಗ, ಈ ಆರೈಕೆ ಎಲ್ಲಿಂದ ಬಂತು, ಯಾರಿಗಾಗಿ ಹುಟ್ಟಿತು ಎಂಬ ಪ್ರಶ್ನೆ ಹತ್ತಿತು. ರಾಜರ ಕಾಲ, ಯುದ್ಧದ ಇಸವಿ ಕೇಳಿದರೆ ನಮ್ಮ ಸೀಮೆಯ ಇತಿಹಾಸ ತಟ್ಟನೆ ಹೇಳಬಹುದು. ನಂದಿಯ ಭೋಗನಂದೀಶ್ವರನ ಗುಡಿ 9ನೇ ಶತಮಾನದ ಆರಂಭದ್ದು. ಬೆಟ್ಟದ ಕೋಟೆಯನ್ನು ಕಾರ್ನ್‌ವಾಲಿಸ್‌ನ ಸೇನೆ ಟಿಪ್ಪುವಿನ ಕೈಯಿಂದ ಕಿತ್ತುಕೊಂಡದ್ದು 1791ರ ಅಕ್ಟೋಬರಿನಲ್ಲಿ. ಆದರೆ ಆ ಗುಡಿಗೆ ಕಲ್ಲು ಹೊತ್ತವರ, ಆ ಕೋಟೆಗೆ ನೀರು ಹೊತ್ತವರ ಪಾದಗಳ ಇತಿಹಾಸವನ್ನು ಯಾರೂ ಶಾಸನ ಹಾಕಿಸಲಿಲ್ಲ. ಅದನ್ನು ಹುಡುಕಬೇಕಾದದ್ದು ಮದ್ದಿನಲ್ಲಿ, ನೆಲದಲ್ಲಿ, ಮೆಟ್ಟಿನಲ್ಲಿ.

ಮದ್ದಿನ ಕಡೆಯಿಂದ ಹೊರಟರೆ ಬಹಳ ಹಿಂದಕ್ಕೆ ಹೋಗಬಹುದು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ವಾತರೋಗಗಳನ್ನು ಹೇಳುವಾಗ ವಾತಕಂಟಕ ಎಂಬುದೊಂದು ಬರುತ್ತದೆ. ಏರುತಗ್ಗಿನ ನೆಲದಲ್ಲಿ ಕಾಲು ಅಡ್ಡಾದಿಡ್ಡಿ ಊರಿದಾಗ ವಾತ ಕೆರಳಿ ಹಿಮ್ಮಡಿಯ ಕೀಲನ್ನು ಹಿಡಿಯುತ್ತದೆ ಎಂದು ವಿವರಣೆ. ಅನಂತರದ ಗ್ರಂಥಗಳಲ್ಲಿ ನಡೆದು ದಣಿಯುವುದೂ ಕಾರಣವಾಗಿ ಸೇರಿತು. ಚಿಕಿತ್ಸೆಯಾಗಿ ಹೇಳಿದ್ದು ರಕ್ತ ತೆಗೆಯುವುದು, ಹರಳೆಣ್ಣೆ ಕುಡಿಸುವುದು, ಕಾದ ಸೂಜಿಯಿಂದ ಸುಡುವುದು. ಇವುಗಳಲ್ಲಿ ಸುಡುವುದು ನಮ್ಮ ಹಳ್ಳಿಗಳಲ್ಲಿ ಬರೆ ಹಾಕುವುದಾಗಿ ಉಳಿದಿತ್ತು. ದನಕ್ಕೂ ಹಾಕುತ್ತಿದ್ದರು, ಮನುಷ್ಯರಿಗೂ ಹಾಕುತ್ತಿದ್ದರು. ಹಿಮ್ಮಡಿಯ ಮೇಲೆ ಬರೆಯ ಗುರುತಿದ್ದ ಮುದುಕರನ್ನು ಚಿಕ್ಕವಳಿದ್ದಾಗ ಕಂಡಿದ್ದೇನೆ. ಅದು ಹೋದದ್ದೇ ಒಳ್ಳೆಯದಾಯಿತು. ಇಟ್ಟಿಗೆಯ ಶಾಖ ಅದಕ್ಕಿಂತ ಎಷ್ಟೋ ಕರುಣೆಯುಳ್ಳ ದಾರಿ. ನನಗನಿಸುವ ಮಟ್ಟಿಗೆ, ಸುಡಲು ಧೈರ್ಯವಿಲ್ಲದ, ಮರುದಿನವೇ ಹೊಲಕ್ಕೆ ಹೋಗಬೇಕಾದ ಹೆಂಗಸರು ಕಂಡುಕೊಂಡ ಮೆತ್ತಗಿನ ರೂಪವೇ ಈ ಎಲೆ ಮತ್ತು ಇಟ್ಟಿಗೆ.

ಎಕ್ಕಕ್ಕೆ ನಮ್ಮಲ್ಲಿ ಮಾನ ಬೇರೆ ಇದೆ. ರಥಸಪ್ತಮಿಯ ಬೆಳಿಗ್ಗೆ ಏಳು ಎಕ್ಕದೆಲೆಗಳನ್ನು ತಲೆ, ಹೆಗಲು, ಮಂಡಿ, ಪಾದಗಳ ಮೇಲಿಟ್ಟು ನೀರು ಹಾಕಿಕೊಳ್ಳುವುದು ಇಂದಿಗೂ ನಡೆದುಬಂದಿದೆ. ಶನಿವಾರ ಆಂಜನೇಯನಿಗೆ ಎಕ್ಕದ ಹೂವಿನ ಹಾರ. ಏಳು ಎಲೆಗಳಲ್ಲಿ ಎರಡು ಪಾದಕ್ಕೇ ಸಲ್ಲುತ್ತವೆ. ಮಾಘದ ಚಳಿಯಲ್ಲಿ ಒಕ್ಕಣೆ ಮುಗಿಸಿ ಬಿರುಕುಬಿಟ್ಟ ಕಾಲುಗಳ ಮೇಲೆ ಆ ಎಲೆ ಕೂರುತ್ತದೆ. ಹಾಗೆಂದು ಹಬ್ಬದಿಂದ ಮದ್ದು ಬಂತು, ಮದ್ದಿನಿಂದ ಹಬ್ಬ ಬಂತು ಎಂದು ಹೇಳಲು ನಾನು ಹೊರಡುವುದಿಲ್ಲ. ಮಳೆ ಕಮ್ಮಿಯಾದ, ಏನೂ ಬೆಳೆಯದ ಜಾಗದಲ್ಲೂ ಹಸಿರಾಗಿ ನಿಲ್ಲುವ, ದನ ಬಾಯಿ ಹಾಕದ ಗಿಡ ಅದು. ಬರದ ವರ್ಷದಲ್ಲೂ ಕೈಗೆ ಸಿಗುತ್ತದೆ. ದಪ್ಪಗೆ, ಅಗಲವಾಗಿ, ನೀರಿನಂಶ ತುಂಬಿಕೊಂಡಿರುವ ಎಲೆ. ಕಾದ ಇಟ್ಟಿಗೆಗೂ ಚರ್ಮಕ್ಕೂ ನಡುವೆ ಇಂಥದೊಂದು ಎಲೆ ಇದ್ದರೆ ಕಾಲು ಸುಡದೆ ಒದ್ದೆ ಶಾಖ ಸಿಗುತ್ತದೆ.

ಹರಳು ನಮ್ಮ ಹೊಲಗಳಲ್ಲಿ ಯಾವಾಗಲೂ ಇತ್ತು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ, ಬದುವಿನ ಅಂಚಿನಲ್ಲಿ ನಾಲ್ಕು ಗಿಡ. 1800ರಲ್ಲಿ, ಟಿಪ್ಪು ಬಿದ್ದ ಮರುವರ್ಷ, ಮೈಸೂರು ಸೀಮೆಯನ್ನು ಅಳೆದು ತೂಗಿ ಬರೆಯಲು ಕಂಪನಿಯವರು ಕಳಿಸಿದ ಫ್ರಾನ್ಸಿಸ್ ಬುಕನನ್ ನಮ್ಮ ಕಡೆಗೂ ಬಂದಿದ್ದ. ಚಿಕ್ಕಬಳ್ಳಾಪುರದಲ್ಲಿ ತಯಾರಾಗುತ್ತಿದ್ದ ಸಕ್ಕರೆ, ಕಲ್ಲುಸಕ್ಕರೆಯ ವಿಚಾರ ಬರೆದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಮೈಸೂರು ಸೀಮೆಯ ಹರಳಿನ ಬೇಸಾಯವೂ ಎಣ್ಣೆ ತೆಗೆಯುವ ರೀತಿಯೂ ಇದೆ. ಆ ರೀತಿ ನಮ್ಮ ಹಿತ್ತಿಲಲ್ಲಿ ನಾನು ಹುಡುಗಿಯಾಗಿರುವವರೆಗೂ ಬದಲಾಗಿರಲಿಲ್ಲ. ಹರಳನ್ನು ಹುರಿಯುವುದು, ಒರಳಲ್ಲಿ ಕುಟ್ಟುವುದು, ದೊಡ್ಡ ಮಡಕೆಯಲ್ಲಿ ನೀರಿಗೆ ಹಾಕಿ ಕುದಿಸುವುದು, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ಬಳಿದು ಇನ್ನೊಂದು ಪಾತ್ರೆಗೆ ತೆಗೆಯುವುದು, ಅದರಲ್ಲಿ ಉಳಿದ ನೀರು ಇಂಗುವವರೆಗೆ ಮತ್ತೆ ಕಾಯಿಸುವುದು. ಚಿಟಪಟ ಸದ್ದು ನಿಂತರೆ ಎಣ್ಣೆ ಆಯಿತು. ಗಿರಣಿ ಎಣ್ಣೆಗಿಂತ ಬಣ್ಣ ಗಾಢ, ವಾಸನೆ ಗಾಢ. ತಲೆಗೆ, ದೀಪಕ್ಕೆ, ಮಗುವಿನ ಹೊಟ್ಟೆಗೆ, ಗಾಡಿಯ ಅಚ್ಚಿಗೆ, ಕೊನೆಗೆ ಹಿಮ್ಮಡಿಗೆ. ಒಡೆದ ಹಿಮ್ಮಡಿಗೆ ಇದಕ್ಕೇ ಜೇನುಮೇಣ ಕರಗಿಸಿ ಸೇರಿಸಿ ತುಂಬುತ್ತಿದ್ದರು. ಹೊಂಗೆ ಎಣ್ಣೆಯನ್ನೂ ಬಳಸುವವರಿದ್ದರು.

ಹೀಗೆ ಕಾಲಿಗೆ ಇಷ್ಟೊಂದು ಉಪಚಾರ ಹುಟ್ಟಬೇಕಾದರೆ ಕಾಲುಗಳು ಪಟ್ಟ ಪಾಡೂ ಅಷ್ಟೇ ಇರಬೇಕು. ನಮ್ಮದು ಬಂಡೆಯ ನಾಡು. ನಂದಿಬೆಟ್ಟವೇ 1,478 ಮೀಟರ್ ಎತ್ತರಕ್ಕೆ ಎದ್ದ ಕಗ್ಗಲ್ಲು. ಹೊಳೆಗಳು ಇಲ್ಲಿ ಹುಟ್ಟುತ್ತವೆ ಹೊರತು ಹರಿದು ನಮಗೆ ನೀರು ಕೊಡುವುದಿಲ್ಲ. ಅದಕ್ಕೇ ಊರಿಗೊಂದು ಕೆರೆ, ಹೊಲಕ್ಕೊಂದು ಬಾವಿ. ಕರೆಂಟು ಮೋಟಾರು ಬರುವ ಮುಂಚೆ ಬಾವಿಯಿಂದ ನೀರೆತ್ತಿದ್ದು ಕಪಿಲೆ ಮತ್ತು ಏತ. ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಇಳಿಯುತ್ತವೆ, ತೊಗಲಿನ ಬಾನಿ ಮೇಲೆ ಬಂದು ನೀರು ಸುರಿಯುತ್ತದೆ. ಆಮೇಲೆ ಹೊಡೆಯುವವನು ಎತ್ತುಗಳನ್ನು ಹಿಮ್ಮುಖವಾಗಿ ಅದೇ ಏರಿಗೆ ಹತ್ತಿಸಬೇಕು. ಬೆಳಗಿನ ಜಾವದಿಂದ ಬಿಸಿಲೇರುವವರೆಗೆ ಇಳಿ, ಹತ್ತು, ಇಳಿ, ಹತ್ತು, ಬರಿಗಾಲಿನಲ್ಲಿ. ಏತದಲ್ಲಂತೂ ಮನುಷ್ಯನೇ ಎತ್ತಿನ ಕೆಲಸ ಮಾಡಬೇಕು: ಮೇಲೆ ತೂಗುವ ಮರದ ಮೇಲೆ ಹೆಜ್ಜೆ ಹಾಕುತ್ತಾ ಅತ್ತಿಂದಿತ್ತ ಓಡಾಡುವುದು. ಸುಶ್ರುತ ಹೇಳಿದ ವಿಷಮ ನೆಲಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ನಡೆದು ಬದುಕಿದವರು ಬೇರೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯ, ಯೋಗಿ ನಾರೇಯಣರು, ಅನುಭಾವಿಯಾಗುವ ಮುನ್ನ ಬಳೆ ಮಲಾರ ಹೊತ್ತು ಊರೂರು ತಿರುಗಿದವರು. ಬಳೆಗಾರರು, ಉಪ್ಪಿನವರು, ಕುಂಬಾರರು ಕಾಲನ್ನೇ ನಂಬಿದ್ದವರು. 1910ರ ದಶಕದಲ್ಲಿ ಚಿಕ್ಕಬಳ್ಳಾಪುರಕ್ಕೆ ಸಣ್ಣ ರೈಲು ಬಂದ ಮೇಲೂ ಬಡವರಿಗೆ ದಾರಿ ಕಾಲ್ದಾರಿಯೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಒಬ್ಬ ಹುಡುಗ 1935ರಲ್ಲಿ ಓದು ಮುಂದುವರಿಸಲು ಬೆಂಗಳೂರಿಗೆ ಹೊರಟ. ಬಸ್ಸಿಗೆ ಕಾಸಿಲ್ಲ. ಸುಮಾರು 85 ಕಿಲೋಮೀಟರನ್ನು ಎರಡು ದಿನ ನಡೆದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ. ಆತನೇ ಎಚ್. ನರಸಿಂಹಯ್ಯ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದವರು. ಅವರ ಹೆಸರನ್ನು ಇಲ್ಲಿ ತಂದದ್ದು ಬರೀ ನಡಿಗೆಗಾಗಿ ಅಲ್ಲ. ಕೇಳಿದ್ದನ್ನು ಪರೀಕ್ಷಿಸದೆ ಒಪ್ಪಬಾರದು ಎಂಬ ಅವರ ಹಟವನ್ನು ನಮ್ಮ ಸೀಮೆಯವರು ಎಕ್ಕದೆಲೆಗೂ ಅನ್ವಯಿಸಬೇಕು ಅಂತ ನನ್ನ ಆಸೆ. ಮುಂದೆ ಅದಕ್ಕೇ ಬರುತ್ತೇನೆ.

ಇನ್ನು ಮೆಟ್ಟು. ನಂದಿಯ ಶಿವರಾತ್ರಿ ಜಾತ್ರೆಗೆ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುವ ಮುಂಚೆ ಎತ್ತಿಗೆ ಲಾಳ ಕಟ್ಟಿಸುತ್ತಿದ್ದರು. ಎತ್ತನ್ನು ಕೆಡವಿ, ಕಾಲು ಕಟ್ಟಿ, ಗೊರಸಿಗೆ ಕಬ್ಬಿಣ ಹೊಡೆಸಿ, ಅದಕ್ಕೆ ದುಡ್ಡು ಕೊಟ್ಟು. ಅದೇ ಎತ್ತಿನ ಹಿಂದೆ ನಡೆಯುವ ಆಳಿನ ಕಾಲಿಗೆ ಏನೂ ಇಲ್ಲ. ಊರಿಗೆ ಮೆಟ್ಟು ಹೊಲಿದುಕೊಡುತ್ತಿದ್ದವರು ಮಾದಿಗರು. ತಂಗಡಿ ತೊಗಟೆಯ ನೀರಿನಲ್ಲಿ ತೊಗಲು ಹದ ಮಾಡುವ ವಿದ್ಯೆ ಅವರದು. ಬುಕನನ್ ಅದನ್ನೂ ಬರೆದಿದ್ದಾನೆ. ಕಪಿಲೆಯ ಬಾನಿ, ಬಾರುಕೋಲು, ತಮಟೆ, ಗೌಡರ ಮೆಟ್ಟು ಎಲ್ಲವೂ ಅವರ ಕೈಯಿಂದ ಬರಬೇಕು. ಸುಗ್ಗಿಯಲ್ಲಿ ಆಯದ ರಾಗಿ ಕೊಟ್ಟರೆ ಲೆಕ್ಕ ಚುಕ್ತ. ಆದರೆ ಹೊಲಿದವರೇ ಮೇಲ್ಜಾತಿಯವರ ಕೇರಿಯಲ್ಲಿ ಮೆಟ್ಟಿ ನಡೆಯುವ ಹಾಗಿರಲಿಲ್ಲ. ಎದುರಿಗೆ ಯಜಮಾನ ಬಂದರೆ ಕಳಚಿ ಕೈಯಲ್ಲಿ ಹಿಡಿಯಬೇಕು. ನಮ್ಮ ಮನೆಯ ಹೆಂಗಸರಿಗೂ ಮೆಟ್ಟಿರಲಿಲ್ಲ, ಅದು ಬೇರೆ ಕಟ್ಟಳೆ, ಬೇರೆ ಅವಮಾನ. ಹಿಮ್ಮಡಿ ನೋವು ಯಾರಿಗೆ ಹೆಚ್ಚು ಬಂತು ಎಂದು ಕೇಳಿದರೆ ಯಾರಿಗೆ ಮೆಟ್ಟು ಮೆಟ್ಟುವ ಹಕ್ಕಿರಲಿಲ್ಲ ಎಂದೂ ಕೇಳಲೇಬೇಕು. ಆಷಾಢದ ಕೊನೆಯ ಸೋಮವಾರ ನಂದಿಗಿರಿ ಪ್ರದಕ್ಷಿಣೆಗೆ ಇವತ್ತು ಬರಿಗಾಲಲ್ಲಿ ನಡೆಯುವವರು ಹರಕೆಯಿಂದ, ಮನಸ್ಸಿನಿಂದ ನಡೆಯುತ್ತಾರೆ. ಬಲವಂತದ ಬರಿಗಾಲಿಗೂ ಇದಕ್ಕೂ ಹೋಲಿಕೆಯಿಲ್ಲ.

ಆಮೇಲೆ ಟೈರಿನ ಚಪ್ಪಲಿ ಬಂತು, ಹವಾಯಿ ಚಪ್ಪಲಿ ಬಂತು. ಹವಾಯಿ ಬಂದದ್ದೇ ಹೆಂಗಸರ ಕಾಲಿಗೂ ಚಪ್ಪಲಿ ಏರಿತು. ಆದರೆ ಹಿಮ್ಮಡಿ ನೋವು ಕಡಿಮೆಯಾಗಲಿಲ್ಲ. ನನ್ನ ಅನುಭವದಲ್ಲಿ ಹೆಚ್ಚಾಯಿತು. ಯಾಕೆ? ಉತ್ತರ ಸಿಕ್ಕುವುದು ರೇಷ್ಮೆಯಲ್ಲಿ.

ಮೈಸೂರು ಸೀಮೆಗೆ 1780ರ ದಶಕದಲ್ಲಿ ಟಿಪ್ಪು ಬಂಗಾಳದಿಂದ ರೇಷ್ಮೆಹುಳು ತರಿಸಿದ. ನಮ್ಮ ಕಡೆ ಅದು ನಿಧಾನವಾಗಿ ಬೇರು ಬಿಟ್ಟು, ಕೊನೆಗೆ ಶಿಡ್ಲಘಟ್ಟ ಎಂದರೆ ಗೂಡಿನ ಮಾರುಕಟ್ಟೆ ಎನ್ನುವಂತಾಯಿತು. ಹುಳು ಸಾಕಿದವರಿಗೆ ಗೊತ್ತು, ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ನಿದ್ದೆಯಿಂದ, ಎದ್ದ ಹುಳುವಿನ ಹಸಿವು ಎಂಥದ್ದೆಂದು. ಅದು ಹುಟ್ಟಿದಾಗಿನಿಂದ ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ಆ ಕೊನೆಯ ಏಳೆಂಟು ದಿನದಲ್ಲೇ ಮುಗಿಸುತ್ತದೆ. ಆ ವಾರ ಮನೆಯ ಹೆಂಗಸರು ಕೂರುವುದಿಲ್ಲ. ಸೊಪ್ಪು ಕೊಯ್ದು ತರಬೇಕು, ಹಾಕಬೇಕು, ಕಸ ತೆಗೆಯಬೇಕು, ಮತ್ತೆ ಹಾಕಬೇಕು, ರಾತ್ರಿಯೂ ಎದ್ದು ಹಾಕಬೇಕು. ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನವಂತೂ ಊಟಕ್ಕೂ ಪುರುಸೊತ್ತಿಲ್ಲ. ಹಿಂದೆ ಹುಳು ಇದ್ದದ್ದು ವಾಸದ ಮನೆಯೊಳಗೇ, ಸೆಗಣಿ ಸಾರಿಸಿದ ಮಣ್ಣಿನ ನೆಲದ ಮೇಲೆ. ಮಣ್ಣಿನ ನೆಲದಲ್ಲಿ ಹುಳುವಿನ ರೋಗ ಉಳಿದುಕೊಳ್ಳುತ್ತದೆ, ತೊಳೆದು ಬ್ಲೀಚಿಂಗ್ ಪೌಡರ್ ಹಾಕಲು ಗಟ್ಟಿ ನೆಲ ಬೇಕು ಎಂದು ಇಲಾಖೆಯವರು ತಿಳಿಹೇಳಿದರು. ಅದು ಸರಿಯಾದ ಮಾತೇ. ಹುಳುಮನೆಗೆ ಸಿಮೆಂಟು ಬಂತು. ಹುಳುವಿನ ಆರೋಗ್ಯ ಸುಧಾರಿಸಿತು, ಬೆಳೆ ಕೈಗೆ ಹತ್ತಿತು. ಆ ನೆಲಕ್ಕೆ ಚಪ್ಪಲಿ ಹೊರಗೆ ಬಿಟ್ಟೇ ಬರಬೇಕು. ಇದೂ ಹುಳುವಿನ ಆರೋಗ್ಯಕ್ಕೇ. ಆದರೆ ವಾರಗಟ್ಟಲೆ ಸಿಮೆಂಟಿನ ಮೇಲೆ ಬರಿಗಾಲಿನಲ್ಲಿ ನಿಲ್ಲುವವಳ ಹಿಮ್ಮಡಿಯ ಬಗ್ಗೆ ಯಾರಿಗೂ ಯೋಚನೆ ಬರಲಿಲ್ಲ.

ನೂಲು ಬಿಚ್ಚುವ ಮನೆಗಳು ಇದಕ್ಕಿಂತ ಕಠಿಣ. ಚರಕದಲ್ಲಿ ಬಿಚ್ಚುವ ಕಾಲದಲ್ಲಿ ಒಬ್ಬರು ಒಲೆಯ ಮುಂದೆ ಕೂತು ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ಎಳೆ ಹಿಡಿದರೆ ಇನ್ನೊಬ್ಬರು ಚಕ್ರ ತಿರುಗಿಸುವರು. ಬೇಸಿನ್ನುಗಳು ಬಂದ ಮೇಲೆ ಸಾಲಾಗಿ ನಿಂತು, ಕಡಿದ ಎಳೆ ಹುಡುಕಿ ಸೇರಿಸುತ್ತಾ, ಬೇಸಿನ್ನಿನಿಂದ ಬೇಸಿನ್ನಿಗೆ ಸರಿಯುತ್ತಾ ಇರುವ ಕೆಲಸ. ಕೆಳಗೆ ಸದಾ ಒದ್ದೆ. ಕೈ ಬೆರಳು ಬಿಸಿನೀರಿಗೆ ಬೆಂದು ಬಿಳುಪಾಗುವುದನ್ನು ನೋಡಿದವರು ಬರೆದಿದ್ದಾರೆ. ಕಾಲು ಯಾರ ಕಣ್ಣಿಗೂ ಬೀಳಲಿಲ್ಲ, ಅದು ಬೇಸಿನ್ನಿನ ಕೆಳಗಿತ್ತು. ನಮ್ಮ ಊರಿನಿಂದ ಹೋಗುತ್ತಿದ್ದ ಒಬ್ಬ ಖಾಲಾ ಕಾಲ ಕೆಳಗೆ ಹಾಕಿಕೊಳ್ಳಲು ಗೋಣಿಚೀಲವೊಂದನ್ನು ನಾಲ್ಕು ಮಡಿಕೆ ಮಾಡಿ ಮನೆಯಿಂದಲೇ ಒಯ್ಯುತ್ತಿದ್ದರು. ಸಂಜೆಗೆ ಅದು ನೀರು ಕುಡಿದು ಕಲ್ಲಿನಂತಾಗುತ್ತಿತ್ತಂತೆ. ಅವರು ಅಜ್ಜಿಯ ಹತ್ತಿರ ಬಂದು ಕಾಲು ಚಾಚಿದಾಗ ಅಜ್ಜಿ ಮೊದಲು ಕೇಳುತ್ತಿದ್ದದ್ದು, "ಇವತ್ತು ಎಷ್ಟೊತ್ತು ಕೂತಿದ್ದೆಯಮ್ಮ?" ಖಾಲಾ ನಗುವರು. ಅಜ್ಜಿಗೆ ರೋಗದ ಮೂಲ ಗೊತ್ತಿತ್ತು.

ಈ ನೋವಿನ ಬಗ್ಗೆ ದೂರದ ದೇಶಗಳಲ್ಲಿ ತಿಳಿವಳಿಕೆ ಬೆಳೆದ ಬಗೆಯೂ ಬಹಳ ಸುತ್ತುಬಳಸಿನದು. 1812ರಲ್ಲಿ ಇದನ್ನು ವಿವರಿಸಿದ ವುಡ್ ಎಂಬ ವೈದ್ಯ ಇದು ಕ್ಷಯದಿಂದ ಬರುವುದೆಂದುಕೊಂಡ. 1895ರಲ್ಲಿ ಎಕ್ಸ್‌ರೇ ಬಂದ ಮೇಲೆ ಹಿಮ್ಮಡಿ ಮೂಳೆಯಿಂದ ಮುಂದಕ್ಕೆ ಚಾಚಿದ ಮುಳ್ಳಿನಂಥ ಬೆಳವಣಿಗೆ ಕಂಡಿತು. ಸಿಕ್ಕಿಬಿದ್ದ ಕಳ್ಳ ಇದೇ ಎಂದು ಎಲ್ಲರೂ ಅದನ್ನೇ ಹಿಡಿದುಕೊಂಡರು. ಆ ಮುಳ್ಳು ಕೊರೆದು ತೆಗೆಯುವ ಆಪರೇಷನ್ನುಗಳೂ ನಡೆದವು. ನನ್ನ ಎಕ್ಸ್‌ರೇ ನೋಡಿದ ವೈದ್ಯರೂ "ಮೂಳೆ ಬೆಳೆದಿದೆಯಮ್ಮ" ಅಂದರು, ನಮ್ಮ ಊರಲ್ಲಿ ಈಗ ಎಲ್ಲರ ಬಾಯಲ್ಲೂ ಅದೇ ಮಾತು. ಆದರೆ ಆ ಮುಳ್ಳು ಇದ್ದೂ ನೋವಿಲ್ಲದವರು ಬೇಕಾದಷ್ಟು ಜನ, ಮುಳ್ಳಿಲ್ಲದೆ ನೋವಿರುವವರೂ ಬೇಕಾದಷ್ಟು. ನಿಜವಾಗಿ ನೋಯುವುದು ಹಿಮ್ಮಡಿ ಮೂಳೆಯಿಂದ ಬೆರಳಿನ ಬುಡದವರೆಗೆ ಅಂಗಾಲಿನುದ್ದಕ್ಕೂ ಹಾಸಿರುವ ಪ್ಲಾಂಟಾರ್ ಫೇಶಿಯಾ ಎಂಬ ಗಟ್ಟಿ ಪಟ್ಟಿ, ಅದರಲ್ಲೂ ಮೂಳೆಗೆ ಅದು ಅಂಟಿಕೊಂಡಿರುವ ಜಾಗ. ಹೆಚ್ಚು ನಿಂತರೆ, ತೂಕ ಹೆಚ್ಚಾದರೆ, ಮೀನಖಂಡ ಬಿಗಿಯಾಗಿದ್ದರೆ, ತೆಳು ಚಪ್ಪಲಿಯಲ್ಲಿ ಗಟ್ಟಿ ನೆಲ ತುಳಿದರೆ ಅದು ದಣಿಯುತ್ತದೆ. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಚಾಚಿ, ಪಟ್ಟಿ ಕುಗ್ಗಿದ ಸ್ಥಿತಿಯಲ್ಲೇ ಇರುತ್ತದೆ. ಬೆಳಿಗ್ಗೆ ಮೊದಲ ಹೆಜ್ಜೆಯಲ್ಲಿ ತಟಕ್ಕನೆ ಎಳೆಯಲ್ಪಡುತ್ತದೆ. ಅದೇ ಆ ಮುಳ್ಳು ಚುಚ್ಚಿದ ನೋವು. ಇಂಗ್ಲೆಂಡಿನಲ್ಲಿ ಬೀಟು ತಿರುಗುವ ಪೊಲೀಸರ ಹೆಸರನ್ನೇ ಈ ಕಾಯಿಲೆಗೆ ಇಟ್ಟಿದ್ದರು. ಅಲ್ಲಿಯೂ ಅದನ್ನು ಗುರುತಿಸಿದ್ದು ಕಸುಬಿನಿಂದಲೇ.

2003ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಡಿಜಿಯೊವಾನಿ ಮತ್ತು ಅವರ ಜೊತೆಯವರು ಒಂದು ಅಧ್ಯಯನ ಪ್ರಕಟಿಸಿದರು. ಬಹಳ ಕಾಲದಿಂದ ಹಿಮ್ಮಡಿ ನೋವಿದ್ದ 101 ಜನರನ್ನು ತೆಗೆದುಕೊಂಡು, ಕೆಲವರಿಗೆ ಎಲ್ಲರೂ ಹೇಳುವಂತೆ ಮೀನಖಂಡ ಎಳೆಯುವ ವ್ಯಾಯಾಮ ಹೇಳಿಕೊಟ್ಟರು. ಇನ್ನು ಕೆಲವರಿಗೆ ಬೇರೆಯದು: ಕೂತು, ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಕಾಲ್ಬೆರಳುಗಳನ್ನು ಕೈಯಿಂದ ಹಿಡಿದು ಮೊಣಕಾಲಿನ ಕಡೆಗೆ ಎಳೆದು, ಹತ್ತು ಎಣಿಸುವವರೆಗೆ ಹಿಡಿದು ಬಿಡುವುದು. ಇನ್ನೊಂದು ಕೈಯಿಂದ ಅಂಗಾಲಿನ ಪಟ್ಟಿ ಬಿಗಿಯಾಯಿತೇ ಎಂದು ಮುಟ್ಟಿ ನೋಡುವುದು. ಒಂದು ಸಲಕ್ಕೆ ಹತ್ತು ಬಾರಿ, ದಿನಕ್ಕೆ ಮೂರು ಸಲ, ಮೊದಲನೆಯದು ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ. ಎಂಟು ವಾರದ ಮೇಲೆ ನೋಡಿದರೆ ಈ ಎರಡನೆಯ ಗುಂಪಿಗೆ ಹೆಚ್ಚು ಗುಣವಾಗಿತ್ತು.

ಇದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ನನ್ನ ಕಾಲ್ಬೆರಳನ್ನು ಎಳೆದುಕೊಂಡೆ. ಹಗ್ಗ ಎದ್ದು ನಿಂತಿತು. ಅಜ್ಜಿಯ ಎಡಗೈ ಮಾಡುತ್ತಿದ್ದ ಕೆಲಸ ಅದೇ. ಅವಳ ಹೆಬ್ಬೆರಳು ತಡಕುತ್ತಿದ್ದ ಜಾಗವೂ ಅದೇ. ನರಸಿಂಹಯ್ಯನವರ ಪ್ರಶ್ನೆಯನ್ನು ಈಗ ಹಾಕಿದರೆ ನನ್ನ ಉತ್ತರ ಹೀಗೆ. ಎಲೆಯಲ್ಲಿ ಅಂಥ ವಿಶೇಷ ಶಕ್ತಿ ಇದ್ದೀತೆಂದು ನಾನು ನಂಬುವುದಿಲ್ಲ. ಅದು ಶಾಖವನ್ನು ಹದಗೊಳಿಸಿತು. ಶಾಖ ಬಿಗಿಯನ್ನು ಸಡಿಲಿಸಿ ಹಿತ ಕೊಟ್ಟಿತು. ಎಣ್ಣೆ ಹೆಬ್ಬೆರಳು ಜಾರಲು ನೆರವಾಯಿತು. ಗುಣ ಕೊಟ್ಟದ್ದು ಆ ಎಳೆತ, ಮತ್ತೆ ಅಷ್ಟೇ ಮುಖ್ಯವಾಗಿ, ಇಟ್ಟಿಗೆ ಆರುವವರೆಗೆ ಯಾವ ಅತ್ತೆಯೂ ಯಾವ ಮಾಲೀಕನೂ ಏಳಿಸಲಾಗದಂತೆ ಒಬ್ಬ ಹೆಂಗಸು ಕೂತಿರುವ ಆ ಹೊತ್ತು. ದುಡಿಯುವ ಹೆಂಗಸಿಗೆ ಬರೀ ಸುಸ್ತಾಯಿತೆಂದು ಕೂರುವ ಹಕ್ಕಿರಲಿಲ್ಲ. ಮದ್ದು ಮಾಡಿಕೊಳ್ಳಲು ಕೂರಬಹುದಿತ್ತು.

ಸೌದೆ ಒಲೆ ಹೋಗಿ ಗ್ಯಾಸು ಬಂದಾಗ ನಮ್ಮ ಮನೆಗಳ ಹೊಗೆ ಹೋಯಿತು. ಅದಕ್ಕೆ ಕೈಮುಗಿಯುತ್ತೇನೆ, ಅಮ್ಮನ ಕೆಮ್ಮು ನಿಂತದ್ದೇ ಆಗ. ಆದರೆ ರಾತ್ರಿ ಆರುವ ಕೆಂಡವೂ ಹೋಯಿತು. ಇಟ್ಟಿಗೆ ಕಾಯಿಸುವುದು ಒಂದು ಪ್ರತ್ಯೇಕ ಕೆಲಸವಾಯಿತು, ಆಮೇಲೆ ಯಾರೂ ಮಾಡಲಿಲ್ಲ. ಈಗ ಮೊಬೈಲಿನಲ್ಲಿ ಬರುವ ವಿಡಿಯೋ ನೋಡಿ ಎಕ್ಕದೆಲೆಗೆ ಎಣ್ಣೆ ಹಚ್ಚಿ, ಹಿಮ್ಮಡಿಗೆ ಕಟ್ಟಿ, ಸಾಕ್ಸು ಹಾಕಿಕೊಂಡು ಮಲಗುತ್ತಾರೆ. ಎಲೆ ಉಳಿಯಿತು, ಶಾಖ ಹೋಯಿತು, ಎಳೆಯುವ ಕೈ ಹೋಯಿತು. ಕಾಲಿಗೆ ತಂಪು ನೀರಿನ ಬಾಟಲಿಯನ್ನು ಉರುಳಿಸಿಕೊಳ್ಳುವುದು, ಮನೆಯೊಳಗೂ ದಪ್ಪ ಮೆತ್ತನೆ ಚಪ್ಪಲಿ ಹಾಕುವುದು, ತೂಕ ಇಳಿಸುವುದು ಇವೆಲ್ಲ ಹೊಸ ಕಾಲ ಕಲಿಸಿದ ಒಳ್ಳೆಯ ವಿಷಯಗಳು. ಅಡುಗೆಮನೆಯ ಗ್ರಾನೈಟಿನ ಮೇಲೆ ಬರಿಗಾಲಲ್ಲಿ ನಿಲ್ಲುವುದನ್ನು ಬಿಟ್ಟ ಮೇಲೆ ನನಗೆ ಬೇಗ ಸುಧಾರಿಸಿತು. ಹೆಚ್ಚಿನವರಿಗೆ ಹೀಗೆಯೇ ತಿಂಗಳುಗಳಲ್ಲಿ, ವರ್ಷದೊಳಗೆ ನೋವು ಇಳಿಯುತ್ತದೆ. ಚುಚ್ಚುಮದ್ದು, ಆಪರೇಷನ್ ಬೇಕಾಗುವುದು ಕೆಲವರಿಗೆ ಮಾತ್ರ.

ಹಳೇ ಆರೈಕೆಯನ್ನು ಮತ್ತೆ ಮಾಡುತ್ತೇವೆ ಅನ್ನುವವರಿಗೆ ಎರಡು ಮಾತು ಗಟ್ಟಿಯಾಗಿ ಹೇಳುತ್ತೇನೆ. ಅಜ್ಜಿಯ ಕಾಲದಲ್ಲಿ ನಮ್ಮ ಓಣಿಯಲ್ಲಿ ಸಕ್ಕರೆ ಕಾಯಿಲೆಯ ಹೆಸರು ಕೇಳಿದವರೇ ಅಪರೂಪ. ಈಗ ಮನೆಗೊಬ್ಬರಿದ್ದಾರೆ. ಸಕ್ಕರೆಯಿಂದ ಪಾದ ಜೋಮು ಹಿಡಿದವರಿಗೆ ಸುಡುವುದು ಗೊತ್ತಾಗುವುದಿಲ್ಲ. ಕಾದ ಇಟ್ಟಿಗೆಯೂ, ಬಿಸಿನೀರಿನ ಚೀಲವೂ ಅವರ ಕಾಲಿನಲ್ಲಿ ಹುಣ್ಣೆಬ್ಬಿಸಿ, ಕಾಲನ್ನೇ ಕಳೆದುಕೊಳ್ಳುವವರೆಗೆ ತಂದಿಡಬಹುದು. ಅವರು ಶಾಖದ ಹತ್ತಿರ ಹೋಗಲೇಬಾರದು. ಇನ್ನೊಂದು, ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಎಲೆ ಕಿತ್ತ ಕೈ ತೊಳೆಯದೆ ಮುಖ ಮುಟ್ಟಬಾರದು, ಮಕ್ಕಳ ಕೈಗೆ ಕೊಡಬಾರದು. ಬಿದ್ದು ಪೆಟ್ಟಾಗಿ ಶುರುವಾದ ನೋವು, ಊತ, ಜ್ವರ, ಮಲಗಿದಾಗಲೂ ಬಿಡದ ನೋವು, ಬೆರಳು ಮರಗಟ್ಟುವುದು, ಇವು ಈ ಕಾಯಿಲೆಯ ಲಕ್ಷಣಗಳಲ್ಲ. ಮನೆಮದ್ದಿಗೆ ಕಾಯದೆ ವೈದ್ಯರ ಹತ್ತಿರ ಹೋಗಬೇಕು.

ನಮ್ಮ ಊರಿನ ಮಹಿಳಾ ಸಂಘದಲ್ಲಿ ಇದನ್ನೆಲ್ಲ ಹೇಳಿದಾಗ ಹುಳುಮನೆಯ ಕೆಲಸದ ಒಬ್ಬ ಸೊಸೆ ಕೇಳಿದಳು, "ಹಂಗಾದ್ರೆ ಮೇಡಂ, ಎಲೆ ಕಟ್ಕೊಳ್ಳೋದೇ ಬ್ಯಾಡ್ವಾ?" ಮನಸ್ಸಿಗೆ ಹಿತವಾದರೆ ಕಟ್ಟಿಕೋ ಮಗಾ, ಹಾಲು ಬಸಿದ ಎಲೆಯನ್ನೇ ಕಟ್ಟಿಕೋ ಅಂದೆ. ಬೆಳಿಗ್ಗೆ ಏಳುವ ಮುಂಚೆ ಟವೆಲನ್ನು ಅಂಗಾಲಿನ ಮುಂಭಾಗಕ್ಕೆ ಸುತ್ತಿ ಎರಡೂ ತುದಿ ಹಿಡಿದು ಎಳೆದುಕೋ, ಹತ್ತು ಎಣಿಸು, ಬಿಡು, ಮತ್ತೆ ಎಳೆ. ಹುಳುಮನೆಯೊಳಗೆ ಮಾತ್ರ ಇಟ್ಟುಕೊಳ್ಳುವ ಒಂದು ಜೊತೆ ದಪ್ಪ ರಬ್ಬರಿನ ಚಪ್ಪಲಿ ತೊಳೆದು ಇಟ್ಟುಕೋ, ಹುಳುವಿಗೂ ರೋಗ ಬರುವುದಿಲ್ಲ. ಒಂದು ಎತ್ತರದ ಸ್ಟೂಲು ಹಾಕಿಸಿಕೊಳ್ಳಲು ಮನೆಯವರಿಗೆ ಹೇಳು. ಕೊನೆಯ ಮಾತಿಗೆ ಅಲ್ಲಿದ್ದ ಅತ್ತೆಯರಲ್ಲಿ ಒಬ್ಬರು, ಶನಿವಾರದ ಸಂತೆಯಲ್ಲಿ ಮರದ ಸ್ಟೂಲಿಗೆ ಎಷ್ಟಾಗಬಹುದು ಎಂದು ಪಕ್ಕದವರನ್ನು ವಿಚಾರಿಸತೊಡಗಿದರು.